ಆಟದ ಡಿಸ್ಕಿನ ಕಾಲ ಮುಗೀತು. ದುಡ್ಡು ಕೊಟ್ಟರೂ ಮಾಲು ಕೈಗಿಲ್ಲ!

ಹಾಸನ: ಕಟ್ಟಿನಕೆರೆ ಮಾರ್ಕೆಟ್ ಕಡೆ ದಿನಾ ಓಡಾಡುವ ಓದುಗರಿಗೆ ಒಂದು ಪ್ರಶ್ನೆ. ನಿಮ್ಮ ಮಗ ವಿಡಿಯೋ ಗೇಮಿನ ಸಿಡಿ ಕೊಡಿಸಿ ಅಂತ ನಡುರಸ್ತೆಯಲ್ಲಿ ಹಟ ಹಿಡಿದು ಎಷ್ಟು ವರ್ಷವಾಯಿತು? ಜ್ಞಾಪಕಕ್ಕೆ ಬರುತ್ತಿಲ್ಲ ಅಲ್ಲವೇ? ಹಟ ನಿಂತಿಲ್ಲ ಸ್ವಾಮಿ, ಸಿಡಿ ನಿಂತಿದೆ. ಈಗಿನ ಹುಡುಗ ನಿಮ್ಮನ್ನು ಅಂಗಡಿಗೆ ಎಳೆದುಕೊಂಡು ಹೋಗುವುದಿಲ್ಲ. ಕೂತಲ್ಲೇ ಯುಪಿಐ ಪಿನ್ ಒತ್ತಿಸಿಕೊಳ್ಳುತ್ತಾನೆ. ದುಡ್ಡು ಹೋಗುತ್ತದೆ. ಎಲ್ಲಿಗೆ ಹೋಯಿತು, ಬದಲಿಗೆ ಏನು ಬಂತು ಅಂತ ಒಮ್ಮೆಯಾದರೂ ಕೇಳಿದ್ದೀರಾ?

ಮಾರ್ಕೆಟ್ ಹತ್ತಿರದ ಗಲ್ಲಿಯೊಂದರಲ್ಲಿ ಹತ್ತಡಿ ಅಗಲದ ಅಂಗಡಿ ಇದೆ. ಮಾಲೀಕರು ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಮೊದಲು ಹಾಡಿನ ಕ್ಯಾಸೆಟ್ ಮಾರುತ್ತಿದ್ದರು. ಆಮೇಲೆ ಸಿನಿಮಾ ವಿಸಿಡಿ. ಆಮೇಲೆ ಆಟದ ಸಿಡಿ, ಡಿವಿಡಿ. ಈಗ ಅದೇ ಗಾಜಿನ ಪೆಟ್ಟಿಗೆಯಲ್ಲಿ ಮೊಬೈಲ್ ಕವರು, ಟೆಂಪರ್ಡ್ ಗ್ಲಾಸು, ಚಾರ್ಜರು. ಹಿಂದಿನ ಗೋಡೆಗೆ ಒಂದು ಸಾಲು ಮಾತ್ರ ಹಳೇ ಆಟದ ಡಿಸ್ಕುಗಳು ಧೂಳು ಹೊದ್ದು ನಿಂತಿವೆ.

"ಏನಣ್ಣ, ಇವು ಮಾರಾಟಕ್ಕಾ?" ಅಂತ ಕೇಳಿದೆ.

"ಮಾರಾಟಕ್ಕೆ ಅಂತ ಬೋರ್ಡ್ ಹಾಕಿದ್ರೆ ಜನ ನಗ್ತಾರೆ ಕಣಪ್ಪ. ಸುಮ್ನೆ ಇಟ್ಟಿದ್ದೀನಿ. ಕೇಳೋರು ಬಂದ್ರೆ ಕೊಡ್ತೀನಿ."

ಈ ವರದಿಗಾರ ಪಿಯುಸಿಯನ್ನು ಅರ್ಧಕ್ಕೆ ಬಿಟ್ಟದ್ದಕ್ಕೆ ಇಂಥ ಅಂಗಡಿಗಳೂ ಒಂದು ಕಾರಣ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಮೊದಲು ಟಿವಿಗೆ ಸಿಗಿಸುವ ಪೆಟ್ಟಿಗೆ ಬಂತು. ಅದಕ್ಕೆ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ. ಅದನ್ನೂ ನಾವು ಕ್ಯಾಸೆಟ್ ಅಂತಲೇ ಕರೆಯುತ್ತಿದ್ದೆವು. ಮೇಲೆ "9999 ಆಟ" ಅಂತ ಚೀಟಿ, ಒಳಗೆ ಹತ್ತಿಪ್ಪತ್ತು ಆಟವೇ ಹೆಸರು ಬದಲಿಸಿಕೊಂಡು ತಿರುಗಾ ಮುರುಗಾ. ಚಿತ್ರ ಬರದಿದ್ದರೆ ಕ್ಯಾಸೆಟ್ಟಿನ ಬಾಯಿಗೆ ಉಫ್ ಅಂತ ಊದಿದರೆ ಮಾರಿಯೋ ಎದ್ದು ಕೂರುತ್ತಿದ್ದ. ಬೀದಿಯಲ್ಲಿ ಒಬ್ಬನ ಹತ್ತಿರ ಕ್ಯಾಸೆಟ್ ಇದ್ದರೆ ಸಾಕು, ಅದು ಹತ್ತು ಮನೆ ಸುತ್ತುತ್ತಿತ್ತು. ಆಮೇಲೆ ಕಂಪ್ಯೂಟರ್ ಬಂತು, ವೈಸ್ ಸಿಟಿ ಬಂತು, ನನ್ನ ಹಾಜರಾತಿ ಹೋಯಿತು. ಇರಲಿ.

ಆ ದಿನಗಳಲ್ಲಿ ಮಾಲು ಬರುತ್ತಿದ್ದದ್ದು ಬೆಂಗಳೂರಿನಿಂದ. ನಮ್ಮ ಮಾಲೀಕರು ತಿಂಗಳಿಗೆ ಎರಡು ಸಲ ಕೆಂಪು ಬಸ್ಸು ಹತ್ತಿ ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲದ ಮೇಲೆ ಮೆಜೆಸ್ಟಿಕ್‌ನಲ್ಲಿ ಇಳಿದು ಸೀದಾ ನ್ಯಾಷನಲ್ ಮಾರ್ಕೆಟ್‌ಗೆ ನಡೆಯುತ್ತಿದ್ದರು. ಸಂಜೆ ಬಸ್ಸಿಗೆ ಭುಜದ ಚೀಲ ತುಂಬಿಸಿಕೊಂಡು ವಾಪಸ್. ಆ ಚೀಲದಲ್ಲಿ ಅಸಲಿ ಎಷ್ಟು, ನಕಲಿ ಎಷ್ಟು ಅಂತ ಕೇಳಿದ್ದಕ್ಕೆ ಅವರು ನನಗೊಂದು ಟೀ ತರಿಸಿದರು. ನಾನೂ ಮುಂದಕ್ಕೆ ಕೇಳಲಿಲ್ಲ.

ಒಂದು ಡಿಸ್ಕು, ನಾಲ್ಕು ಕೈ

ಅಸಲಿ ಡಿಸ್ಕಿನ ವ್ಯಾಪಾರದ ಗುಟ್ಟು ಹೊಸ ಮಾಲಿನಲ್ಲಿ ಇರಲಿಲ್ಲ. ಇದನ್ನು ಅಂಗಡಿ ಇಟ್ಟವರು ಗಮನವಿಟ್ಟು ಓದಬೇಕು. ಮಾಲೀಕರು ಬಿಲ್ ಪುಸ್ತಕದ ಹಿಂದೆ ಬರೆದು ತೋರಿಸಿದ ಉದಾಹರಣೆ ಹೀಗಿದೆ. ಹೊಸ ಆಟ 3,000 ರೂಪಾಯಿ. ಅದರಲ್ಲಿ ಅಂಗಡಿಗೆ ಉಳಿಯೋದು ನೂರಿನ್ನೂರು. ಹುಡುಗ ಒಂದು ತಿಂಗಳು ಆಡಿ, ಮುಗಿಸಿ, ಡಿಸ್ಕು ವಾಪಸ್ ತರುತ್ತಾನೆ. ಗೆರೆ ಬಿದ್ದಿಲ್ಲವಾದರೆ 1,800ಕ್ಕೆ ತೆಗೆದುಕೊಳ್ಳೋದು, 2,200ಕ್ಕೆ ಇನ್ನೊಬ್ಬನಿಗೆ ಕೊಡೋದು. ಅವನೂ ತರುತ್ತಾನೆ. 1,300ಕ್ಕೆ ತೆಗೆದು 1,700ಕ್ಕೆ ಕೊಡೋದು. ಹೀಗೆ ನಾಲ್ಕು ಕೈ ತಿರುಗುವ ಹೊತ್ತಿಗೆ ಅಂಗಡಿಯ ಬಾಡಿಗೆ ಹುಟ್ಟುತ್ತಿತ್ತು. ಮೊದಲನೇ ಹುಡುಗನಿಗೆ ಆಟದ ನಿಜವಾದ ಖರ್ಚು 1,200. ನಾಲ್ಕನೆಯವನು ಮೆಕ್ಯಾನಿಕ್ ಅಂಗಡಿಯ ಹುಡುಗ. ಅವನಿಗೂ ಕೊನೆಗೆ ಏಳೆಂಟು ನೂರಕ್ಕೆ ಅದೇ ಆಟ, ಅದೇ ಬಣ್ಣ, ಅದೇ ಸದ್ದು.

ಹಳೇ ಪುಸ್ತಕ, ಹಳೇ ಸೈಕಲ್ಲು, ಹಳೇ ಟಿವಿಎಸ್ ಎಲ್ಲಾ ಹೀಗೇ ತಾನೆ ಬಡವನ ಕೈಗೆ ಬರೋದು?

ಕಂಪನಿಗಳಿಗೆ ಈ ಲೆಕ್ಕ ಕಣ್ಣಿಗೆ ಬೀಳದೆ ಇರುತ್ತದೆಯೇ? ಎರಡನೇ ಕೈಯಿಂದ ಮುಂದೆ ಅವರಿಗೆ ಒಂದು ಕಾಸೂ ಇಲ್ಲ. ಸೋನಿ ಕಂಪನಿ 2009ರಲ್ಲೇ ಪಿಎಸ್‌ಪಿ ಗೋ ಅನ್ನುವ ಕೈಯಲ್ಲಿ ಹಿಡಿದು ಆಡುವ ಯಂತ್ರ ತಂದಿತು. ಅದಕ್ಕೆ ಡಿಸ್ಕ್ ಹಾಕುವ ಜಾಗವೇ ಇರಲಿಲ್ಲ, ಎಲ್ಲವೂ ಡೌನ್‌ಲೋಡ್. ಹೊರದೇಶಗಳಲ್ಲಿ ಕೆಲವು ಅಂಗಡಿಯವರು "ನಮ್ಮ ಹೊಟ್ಟೆ ಮೇಲೆ ಹೊಡೆಯುವ ಮಾಲನ್ನು ನಾವೇ ಯಾಕೆ ಮಾರಬೇಕು" ಅಂತ ಅದನ್ನು ಇಟ್ಟುಕೊಳ್ಳಲೇ ಇಲ್ಲ. ಯಂತ್ರ ತೋಪಾಯಿತು. 2013ರಲ್ಲಿ ಮೈಕ್ರೋಸಾಫ್ಟ್ ಇನ್ನೊಂದು ಕೈ ನೋಡಿತು. ಹೊಸ ಎಕ್ಸ್‌ಬಾಕ್ಸ್‌ನಲ್ಲಿ ಡಿಸ್ಕ್ ಇದ್ದರೂ ದಿನಕ್ಕೊಮ್ಮೆ ಇಂಟರ್ನೆಟ್‌ಗೆ ಹಾಜರಿ ಹಾಕಬೇಕು, ಹಳೇ ಆಟ ಕೈ ಬದಲಾಯಿಸಬೇಕಾದರೆ ಕಂಪನಿಯ ಕಟ್ಟಳೆ ಪಾಲಿಸಬೇಕು ಅಂದಿತು. ಆಡುವವರು ಎಷ್ಟು ಉಗಿದರೆಂದರೆ ಯಂತ್ರ ಮಾರಾಟಕ್ಕೆ ಬರುವ ಮೊದಲೇ, ಅದೇ ಜೂನ್‌ನಲ್ಲಿ, ಮಾತು ವಾಪಸ್ ತೆಗೆದುಕೊಂಡಿತು.

ಜಗಳ ಆಡಿ ಆಗದ ಕೆಲಸ ಆಮೇಲೆ ರಿಯಾಯಿತಿ ಕೊಟ್ಟು ಆಯಿತು. ಪ್ಲೇಸ್ಟೇಷನ್ 5 ನಮ್ಮ ದೇಶಕ್ಕೆ ಬಂದದ್ದು 2021ರ ಫೆಬ್ರವರಿ 2ರಂದು. ಎರಡು ಥರ. ಡಿಸ್ಕ್ ಹಾಕುವ ಬಾಯಿ ಇರುವುದಕ್ಕೆ 49,990 ರೂಪಾಯಿ, ಬಾಯಿ ಇಲ್ಲದ್ದಕ್ಕೆ 39,990. ಹತ್ತು ಸಾವಿರ ಉಳಿಯಿತಲ್ಲ ಅಂತ ಅಪ್ಪ ಖುಷಿ ಪಡುತ್ತಾನೆ. ಆದರೆ ಬಾಯಿ ಇಲ್ಲದ ಯಂತ್ರಕ್ಕೆ ಜೀವಮಾನವಿಡೀ ಒಂದೇ ಅಂಗಡಿ. ಅದು ಯಂತ್ರ ಮಾಡಿದ ಕಂಪನಿಯದೇ ಅಂಗಡಿ. ಅಲ್ಲಿ ಚೌಕಾಸಿ ಇಲ್ಲ, ಸಾಲ ಇಲ್ಲ, ಹಳೇ ಮಾಲಿಲ್ಲ, ವಾಪಸ್ ತೆಗೆದುಕೊಳ್ಳುವ ಮಾತಂತೂ ಇಲ್ಲವೇ ಇಲ್ಲ. ಕಟ್ಟಿನಕೆರೆ ಮಾರ್ಕೆಟ್‌ನಲ್ಲಿ ಇಡೀ ಊರಿಗೆ ಒಬ್ಬನೇ ತರಕಾರಿ ಮಾರಬೇಕು ಅಂತ ಆರ್ಡರ್ ಆದರೆ ಹೇಗಿರುತ್ತದೆ, ಹಾಗೆ. 2024ರ ನವೆಂಬರಿನಲ್ಲಿ ಬಂದ ದುಬಾರಿ ಪಿಎಸ್5 ಪ್ರೊಗೂ ಡಿಸ್ಕಿನ ಬಾಯಿ ಇಲ್ಲ. ಬೇಕಾದವರು ಬೇರೆ ದುಡ್ಡು ಕೊಟ್ಟು ಜೋಡಿಸಿಕೊಳ್ಳಬೇಕು.

ಇನ್ನು ಡಿಸ್ಕು ಕೊಂಡವನಾದರೂ ಗೆದ್ದನೋ? ಅದೂ ಇಲ್ಲ. 2022ರ ಕಾಲ್ ಆಫ್ ಡ್ಯೂಟಿ ಆಟದ ಪಿಎಸ್5 ಡಿಸ್ಕಿನಲ್ಲಿ ಇದ್ದದ್ದು 70 ಎಂಬಿ ಚಿಲ್ಲರೆ. ನಾಲ್ಕಾರು ನಿಮಿಷದ ವಾಟ್ಸಾಪ್ ವಿಡಿಯೋಗೆ ಆಗುವಷ್ಟು! ಮಿಕ್ಕ ಹತ್ತಾರು ಜಿಬಿ ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕು. ನಿಂಟೆಂಡೊ ಕಂಪನಿಯ ಸ್ವಿಚ್ 2 ಯಂತ್ರ 2025ರ ಜೂನ್‌ನಲ್ಲಿ ಬಂತಲ್ಲ, ಅದರ ಎಷ್ಟೋ ಆಟಗಳ ಡಬ್ಬಿಯಲ್ಲಿರುವ ಕಾರ್ಡು ಬರೀ ಬೀಗದ ಕೈ. ಆಟ ಅದರೊಳಗಿಲ್ಲ. ಸ್ವೀಟ್ ಸ್ಟಾಲಿನಲ್ಲಿ ಡಬ್ಬಿ ಕಟ್ಟಿಸಿಕೊಂಡು ಮನೆಗೆ ಬಂದು ತೆರೆದರೆ ಒಳಗೆ ಚೀಟಿ: ಮೈಸೂರುಪಾಕು ನಮ್ಮ ಫ್ಯಾಕ್ಟರಿಯಲ್ಲಿದೆ, ಬಂದು ತಿನ್ನಿ!

ಇದು ನಮ್ಮ ಗಲ್ಲಿಯ ಗೋಳು ಮಾತ್ರವಲ್ಲ. ಅಮೆರಿಕದಲ್ಲಿ ಗೇಮ್‌ಸ್ಟಾಪ್ ಅನ್ನುವ ಸರಣಿ ಅಂಗಡಿ ಹಳೇ ಆಟ ಕೊಂಡು ಮಾರಿಯೇ ಕೊಬ್ಬಿತ್ತು. 2017ರ ಆರಂಭದಲ್ಲಿ 7,000ಕ್ಕೂ ಹೆಚ್ಚು ಮಳಿಗೆಗಳಿದ್ದವು. 2025ರ ಆರಂಭಕ್ಕೆ ಸುಮಾರು 3,200ಕ್ಕೆ ಇಳಿದಿದ್ದವು. ಅಷ್ಟು ದೊಡ್ಡ ಆನೆಯೇ ಸೊರಗುವಾಗ ಹತ್ತಡಿ ಅಂಗಡಿ ಯಾವ ಲೆಕ್ಕ?

ಕೊಂಡದ್ದೋ, ಬಾಡಿಗೆಯೋ

ಈಗ ಮಾಲಿನ ವಿಷಯಕ್ಕೆ ಬರೋಣ. ಡೌನ್‌ಲೋಡ್ ಮಾಡಿದ್ದು ನಮ್ಮದೇ ಅಂತ ತಾನೆ ನಂಬಿರೋದು? ಯೂಬಿಸಾಫ್ಟ್ ಅನ್ನುವ ಫ್ರಾನ್ಸ್ ಕಂಪನಿ 2014ರಲ್ಲಿ ದಿ ಕ್ರೂ ಅನ್ನುವ ಕಾರ್ ರೇಸಿನ ಆಟ ಮಾರಿತು. 2024ರ ಮಾರ್ಚ್ 31ರಂದು ತನ್ನ ಸರ್ವರ್ ಆಫ್ ಮಾಡಿತು. ಅಲ್ಲಿಗೆ ಆಟ ಮುಗೀತು. ಡೌನ್‌ಲೋಡ್ ಮಾಡಿದವನಿಗೂ ಇಲ್ಲ, ಡಿಸ್ಕು ಕೊಂಡು ಬೀರುವಿನಲ್ಲಿ ಇಟ್ಟವನಿಗೂ ಇಲ್ಲ. ಒಬ್ಬನೇ ಕೂತು ಆಡುತ್ತೇನೆ ಅಂದರೂ ಇಲ್ಲ. ಅದರ ಮೇಲೆ ಯುರೋಪಿನಲ್ಲಿ ದೊಡ್ಡ ಸಹಿ ಸಂಗ್ರಹವೇ ನಡೆದು 2025ರ ಜುಲೈನಲ್ಲಿ ಹತ್ತು ಲಕ್ಷ ಸಹಿ ದಾಟಿತು.

ದೂರದ ಮಾತು ಬೇಡ ಅಂದರೆ ನಮ್ಮ ಬಸ್ಸಿನಲ್ಲೇ ನೋಡಿ. ಜಿಯೋ 2016ರಲ್ಲಿ ಡೇಟಾ ಅಗ್ಗ ಮಾಡಿದ ಮೇಲೆ ನಮ್ಮ ಹುಡುಗರ ಆಟವೆಲ್ಲ ಮೊಬೈಲಿಗೆ ಬಂತು. ಡಿಸ್ಕಿನ ಅಂಗಡಿಗೆ ನಿಜವಾದ ಪೆಟ್ಟು ಬಿದ್ದದ್ದೂ ಅಲ್ಲೇ. ಪುಕ್ಕಟೆ ಸಿಗುವಾಗ ಮೂರು ಸಾವಿರ ಯಾರು ಕೊಡುತ್ತಾರೆ? 2018ರಲ್ಲಿ ಪಬ್‌ಜಿ ಬಂತು, ಅರಸೀಕೆರೆ ಬಸ್ಸಿನ ಹಿಂದಿನ ಸೀಟೆಲ್ಲ ಯುದ್ಧಭೂಮಿ ಆಯಿತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ನಿಷೇಧಿಸಿತು. 2021ರಲ್ಲಿ ಬಿಜಿಎಂಐ ಅಂತ ಹೆಸರು ಬದಲಿಸಿ ಬಂತು. 2022ರ ಜುಲೈನಲ್ಲಿ ಅದೂ ಮಾಯ. 2023ರ ಮೇನಲ್ಲಿ ಮತ್ತೆ ಹಾಜರ್. ಸರ್ಕಾರ ನಿಷೇಧಿಸಿದ್ದು ಸರಿಯೋ ತಪ್ಪೋ ಅದು ಬೇರೆ ಚರ್ಚೆ. ಅಪ್ಪನ ಫೋನಿನಿಂದ ದುಡ್ಡು ಹಾಕಿ ಆ ಆಟದಲ್ಲಿ ಬಣ್ಣಬಣ್ಣದ ಅಂಗಿ, ಬಂದೂಕು ಕೊಂಡ ಹುಡುಗರನ್ನು ಮಾತ್ರ ಯಾರೂ ಒಂದು ಮಾತು ಕೇಳಲಿಲ್ಲ.

ಪ್ಯಾರಿಸ್‌ನ ಕೋರ್ಟೊಂದು 2019ರಲ್ಲಿ, ಡೌನ್‌ಲೋಡ್ ಮಾಡಿ ಕೊಂಡ ಆಟವನ್ನೂ ಮರುಮಾರಾಟ ಮಾಡಬಹುದು ಅಂದಿತ್ತು. ಸ್ಟೀಮ್ ಅನ್ನುವ ಕಂಪ್ಯೂಟರ್ ಆಟದ ದೊಡ್ಡ ಅಂಗಡಿಯ ಮೇಲೆ ಗ್ರಾಹಕರ ಸಂಘ ಹಾಕಿದ್ದ ಕೇಸು ಅದು. 2022ರಲ್ಲಿ ಮೇಲ್ಮನವಿ ಕೋರ್ಟು ತಿರುಗಿಸಿ ಹಾಕಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಒಂದು ಕಾನೂನು 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ಕಂಪನಿ ಕೊಡುತ್ತಿರುವುದು ಬರೀ ಪರವಾನಗಿ ಅಂತಾದರೆ, "ಖರೀದಿಸಿ" ಅಂತ ಗುಂಡಿ ಇಡುವ ಮೊದಲು ಅದನ್ನು ಗಿರಾಕಿಗೆ ಬಿಡಿಸಿ ಹೇಳಬೇಕು. ಅಷ್ಟೇ. ನಮ್ಮಲ್ಲಿ ಒಂದು ಬಿಸ್ಕತ್ ಪೊಟ್ಟಣದ ಮೇಲೂ ತೂಕ, ತಾರೀಖು, ಎಂಆರ್‌ಪಿ ಇಲ್ಲದಿದ್ದರೆ ಅಂಗಡಿಯವನಿಗೆ ದಂಡ. ಐದು ಸಾವಿರದ ಹತ್ತಿರದ ಈ ಮಾಲು ಎಷ್ಟು ದಿನ ಬಾಳುತ್ತದೆ ಅಂತ ಬರೆಯುವವರು ಯಾರೂ ಇಲ್ಲ!

ಹಾಗಂತ ಡೌನ್‌ಲೋಡ್ ಎಲ್ಲಾ ಮೋಸ ಅಂತ ಬರೆದರೆ ಅದೂ ಸುಳ್ಳಾಗುತ್ತದೆ. ಅರಕಲಗೂಡಿನ ಹುಡುಗ ಒಂದು ಆಟಕ್ಕಾಗಿ ಹಾಸನದ ಬಸ್ಸು ಹತ್ತಬೇಕಾಗಿಲ್ಲ. ಗೆರೆ ಬೀಳುವ ಭಯವಿಲ್ಲ, ನಕಲಿ ಕೊಟ್ಟು ಟೋಪಿ ಹಾಕುವವರಿಲ್ಲ. ಹಬ್ಬದ ಸೇಲಿನಲ್ಲಿ ಹಳೇ ಆಟ ಕಾಲು ಬೆಲೆಗೂ ಸಿಗುತ್ತದೆ. ಚಿಕ್ಕಪುಟ್ಟ ಹುಡುಗರು ಮಾಡಿದ ಆಟಕ್ಕೆ ಡಬ್ಬಿ, ಡಿಸ್ಕು, ಲಾರಿ ಬಾಡಿಗೆ ಯಾವುದೂ ಬೇಕಾಗಿಲ್ಲ. ಆದರೆ 100 ಜಿಬಿ ತೂಗುವ ಆಟವನ್ನು ದಿನಕ್ಕೆ ಒಂದೂವರೆ ಜಿಬಿ ಪ್ಯಾಕಿನಲ್ಲಿ ಇಳಿಸಲು ಕೂತರೆ 67 ದಿನ ಬೇಕು, ಅದೂ ಬೇರೇನೂ ನೋಡದೆ. ಮನೆಗೆ ಫೈಬರ್ ಎಳೆಸಿಕೊಂಡವನಿಗೆ ಈ ಭಾಗ್ಯ. ಮೆಕ್ಯಾನಿಕ್ ಅಂಗಡಿಯ ಹುಡುಗನಿಗೆ ಅದೂ ಇಲ್ಲ, ನಾಲ್ಕನೇ ಕೈಯ ಡಿಸ್ಕೂ ಇಲ್ಲ.

ಮಾತಾಡುತ್ತಿದ್ದಂತೆ ಅಂಗಡಿಗೆ ಒಬ್ಬ ಹುಡುಗ ಬಂದ. ಹದಿನಾರು ಹದಿನೇಳು ಇರಬಹುದು, ಬೆನ್ನಿಗೆ ಬ್ಯಾಗು. ಅವನ ಮಾವನ ಮನೆಯಲ್ಲಿ ಹಳೇ ಪಿಎಸ್2 ಸಿಕ್ಕಿದೆಯಂತೆ, ಇನ್ನೂ ಓಡುತ್ತದಂತೆ.

"ಅಣ್ಣಾ, ಕ್ರಿಕೆಟ್ 07 ಇದ್ಯಾ?"

ಇಎ ಸ್ಪೋರ್ಟ್ಸ್ ಕಂಪನಿ 2006ರ ಕೊನೆಯಲ್ಲಿ ಬಿಟ್ಟ ಆಟ ಅದು. ಆಮೇಲೆ ಟಿವಿ ಯಂತ್ರಕ್ಕಾಗಲಿ ಕಂಪ್ಯೂಟರಿಗಾಗಲಿ ಆ ಕಂಪನಿ ಇನ್ನೊಂದು ಕ್ರಿಕೆಟ್ ಆಟ ತರಲಿಲ್ಲ. ಇದನ್ನು ಡೌನ್‌ಲೋಡ್ ಅಂಗಡಿಯಲ್ಲಿ ಮಾರುತ್ತಲೂ ಇಲ್ಲ. ಕಾಸು ಕೊಡುತ್ತೇನೆ ಅಂದರೂ ಕಂಪನಿಯ ಹತ್ತಿರ ಸಿಗುವುದಿಲ್ಲ, ಹಳೇ ಡಿಸ್ಕೇ ಗತಿ. 2010ಕ್ಕೆ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳ ಪೈಕಿ ಶೇಕಡಾ 87 ಈಗ ಮಾರುಕಟ್ಟೆಯಲ್ಲಿ ಇಲ್ಲ ಅಂತ ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಹಾಕಿ ಹೇಳಿತ್ತು.

ಮಾಲೀಕರು ಸ್ಟೂಲ್ ಹತ್ತಿದರು. ಧೂಳಿನ ಸಾಲಿನಿಂದ ಒಂದು ಡಬ್ಬಿ ಎಳೆದು, ಡಿಸ್ಕು ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಟ್ಯೂಬ್‌ಲೈಟಿಗೆ ಹಿಡಿದು ಓರೆಯಾಗಿ ನೋಡಿದರು.

"ಎರಡು ಗೆರೆ ಇದೆ. ಓಡುತ್ತೆ. ನೂರೈವತ್ತು ಕೊಡು."

"ನೂರು ಮಾಡ್ಕೊಳ್ಳಿ ಅಣ್ಣಾ. ಓಡಲಿಲ್ಲ ಅಂದ್ರೆ?"

"ವಾಪಸ್ ತಗೊಂಬಾ. ಓಡಿದ್ರೂ, ಆಡಿ ಸಾಕಾದ್ಮೇಲೆ ತಗೊಂಬಾ. ಅರವತ್ತು ಕೊಡ್ತೀನಿ."

ಹುಡುಗ ನೂರರ ನೋಟು ಕೊಟ್ಟು, ಡಬ್ಬಿಯನ್ನು ಬ್ಯಾಗಿನೊಳಗೆ ಪುಸ್ತಕದ ನಡುವೆ ಸೇರಿಸಿ, ಹೊಳೆನರಸೀಪುರದ ಬಸ್ಸಿಗೆ ಹೊತ್ತಾಯ್ತು ಅಂತ ಓಡಿದ.