ಚಕ್ರದ ಬೆನ್ನಿನ ಮೇಲಿನ ಅಂಕಿಗಳು

ಕಳೆದ ಬೇಸಿಗೆ ರಜೆಯ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಪ್ಪನ ಜೊತೆ ಮನೆಗೆ ಬಂದ. ಅಪ್ಪ ಕಾಫಿ ಬೆಳೆಗಾರರು, ಮಗ ಡಿಗ್ರಿ ಎರಡನೆಯ ವರ್ಷ. ಜಗುಲಿಯಲ್ಲಿ ಕುಳಿತು ನೀರು ಕುಡಿಯುವ ಮೊದಲೇ ಅಪ್ಪ ದೂರು ಶುರು ಮಾಡಿದರು.

"ಮೇಷ್ಟ್ರೇ, ತೋಟಕ್ಕೆ ಅಂತ ಜಿಮ್ನಿ ತಗೊಂಡು ಇನ್ನೂ ವರ್ಷ ಆಗಿಲ್ಲ. ಇರೋ ಚಕ್ರಗಳು ಚೆನ್ನಾಗೇ ಇವೆ. ಇವನಿಗೆ ಅವನ್ನ ಬಿಚ್ಚಿ ಬೇರೆ ಹಾಕಿಸಬೇಕಂತೆ. ನೀವಾದ್ರೂ ಬುದ್ಧಿ ಹೇಳಿ."

ಮಗ ಮೊಬೈಲು ನನ್ನ ಮುಂದೆ ಹಿಡಿದ. ಹದಿನೆಂಟು ಇಂಚಿನ ಕಪ್ಪು ಅಲಾಯ್ ಚಕ್ರ. "ನೋಡಿ ಸರ್, ಎಷ್ಟು ಗತ್ತಾಗಿದೆ!"

ಗತ್ತಾಗಿದ್ದುದು ನಿಜ. ನಾನು ಕೇಳಿದೆ: "ಇದು ಎಷ್ಟು ಭಾರ ಹೊರುತ್ತೆ? ಇದರ ಆಫ್‌ಸೆಟ್ ಎಷ್ಟು?" ಹುಡುಗ ಸುಮ್ಮನಾದ. ಅಪ್ಪನ ಕಡೆ ತಿರುಗಿ, "ಈಗಿರೋ ಚಕ್ರ ಎಷ್ಟು ಹೊರುತ್ತೆ?" ಎಂದೆ. ಅವರೂ ಸುಮ್ಮನಾದರು. ಒಬ್ಬರು ಬೆಲೆ ನೋಡಿದ್ದರು, ಇನ್ನೊಬ್ಬ ಅಂದ ನೋಡಿದ್ದ. ಚಕ್ರದ ಬೆನ್ನನ್ನು ಇಬ್ಬರೂ ನೋಡಿರಲಿಲ್ಲ.

ಈ ಪ್ರಶ್ನೆಗಳನ್ನು ನಾನು ಪುಸ್ತಕದಿಂದ ಕಲಿತವನಲ್ಲ. 1994ರ ಮಳೆಗಾಲದಲ್ಲಿ ನಮ್ಮ ಭಾವ ತಮ್ಮ ಹಳೆಯ ಜೀಪಿನ ಡಿಸ್ಕುಗಳನ್ನು ಒಂದು ವರ್ಕ್‌ಶಾಪಿನಲ್ಲಿ ಕತ್ತರಿಸಿ, ನಡುವೆ ಪಟ್ಟಿ ಸೇರಿಸಿ ವೆಲ್ಡಿಂಗ್ ಮಾಡಿಸಿ ಅಗಲ ಮಾಡಿಸಿದ್ದರು. ಚಕ್ರಗಳು ಬಾಡಿಯಿಂದ ಹೊರಗೆ ಚಾಚಿ ನಿಂತು ಜೀಪಿಗೆ ಪೈಲ್ವಾನನ ಕಳೆ ಬಂದಿತ್ತು. ಕೆಲವೇ ತಿಂಗಳಲ್ಲಿ ಸ್ಟಿಯರಿಂಗ್ ಭಾರವಾಯಿತು. ಒಂದು ಸಂಜೆ ಅಕ್ಕ ಮತ್ತು ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯುವಾಗ ಗ್ರೀಸು ಸುಟ್ಟ ವಾಸನೆ. ಮುಂದಿನ ಎಡಚಕ್ರ ಓಲಾಡತೊಡಗಿತು. ಭಾವ ಹೇಗೋ ಜೀಪನ್ನು ಗುಡ್ಡದ ಕಡೆಯ ಚರಂಡಿಗೆ ಇಳಿಸಿ ನಿಲ್ಲಿಸಿದರು. ಹಬ್ ಬಿಚ್ಚಿದಾಗ ಬೇರಿಂಗ್ ಚೂರುಚೂರಾಗಿತ್ತು.

ನಾನೂ ಆ ಜೀಪಿನಲ್ಲಿದ್ದೆ. ಬಿ.ಎಡ್. ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಸನ್ನೆಯ ಪಾಠವನ್ನು ಆ ವಾರವೇ ಮಾಡಿದ್ದೆ. ಆದರೆ ಕಪ್ಪುಹಲಗೆಯ ಮೇಲಿನ ಸನ್ನೆ ನಾನು ಕುಳಿತ ಸೀಟಿನ ಕೆಳಗೂ ಇದೆ ಎಂಬುದು ಹೊಳೆದಿರಲಿಲ್ಲ.

ಮೂವತ್ತು ಮಿಲಿಮೀಟರಿನ ಸನ್ನೆ

ಚಕ್ರವನ್ನು ಹಬ್ಬಿಗೆ ತಾಗಿಸಿ ಬಿಗಿಯುವ ಮುಖವೊಂದಿದೆ. ರಿಮ್ಮಿನ ಅಗಲದ ನಡುಗೆರೆಯಿಂದ ಆ ಮುಖಕ್ಕೆ ಇರುವ ಅಂತರವೇ ಆಫ್‌ಸೆಟ್. ಚಕ್ರದ ಮೇಲೆ ಇದನ್ನು 'ಇಟಿ' ಎಂಬ ಅಕ್ಷರಗಳ ಮುಂದೆ ಮಿಲಿಮೀಟರಿನಲ್ಲಿ ಅಚ್ಚು ಹಾಕಿರುತ್ತಾರೆ. ಜಿಮ್ನಿಯ ಮೂಲ ಚಕ್ರದಲ್ಲಿ ಇದು ಅಧಿಕ 5. ಇದರ ಜಾಗಕ್ಕೆ ಋಣ 25ರ ಚಕ್ರ ಹಾಕಿದರೆ ರಿಮ್ಮಿನ ನಡುಗೆರೆ 30 ಮಿ.ಮೀ. ಹೊರಕ್ಕೆ ಸರಿಯುತ್ತದೆ.

ಮೂವತ್ತು ಮಿಲಿಮೀಟರ್ ಎಂದರೆ ಎರಡು ಬೆರಳಿನ ಅಗಲ, ಅದರಲ್ಲೇನು ಎನ್ನಬೇಡಿ. ನೆಲ ಚಕ್ರವನ್ನು ಮೇಲಕ್ಕೆ ತಳ್ಳುವ ಬಲವನ್ನು ಆ ಅಂತರದಿಂದ ಗುಣಿಸಿ. ಅಷ್ಟು ಹೆಚ್ಚುವರಿ ತಿರುಚು ಬೇರಿಂಗಿನ ಮೇಲೆ ಬೀಳುತ್ತದೆ. ಜೀಪು ಗುಂಡಿಗೆ ಬಿದ್ದೆದ್ದಾಗ ಆ ಬಲ ಹಲವು ಪಟ್ಟಾಗುತ್ತದೆ. ಬಾಗಿಲನ್ನು ಕೀಲಿನ ಹತ್ತಿರ ತಳ್ಳುವುದಕ್ಕೂ ಅಂಚಿನಲ್ಲಿ ತಳ್ಳುವುದಕ್ಕೂ ಇರುವ ವ್ಯತ್ಯಾಸವೇ ಇದು. ಸ್ಟಿಯರಿಂಗ್ ಎಳೆಯುವುದು, ಟೈರು ಬಾಡಿಗೆ ಉಜ್ಜುವುದು, ಹಿಂದಿನವರ ಮೇಲೆ ಕೆಸರು ಎರಚುವುದು ಇದರ ಜೊತೆಗೆ ಬರುವ ಫಲಗಳು. ಹೊಸ ಚಕ್ರದ ಆಫ್‌ಸೆಟ್ ಹಳೆಯದರ ಆಸುಪಾಸಿನಲ್ಲೇ ಇರಲಿ.

ಐದು ಬೋಲ್ಟು, ಒಂದು ಲೆಕ್ಕ

ಬೋಲ್ಟುಗಳು ಕುಳಿತಿರುವ ವೃತ್ತದ ವ್ಯಾಸಕ್ಕೆ ಗ್ಯಾರೇಜಿನವರು 'ಪಿಸಿಡಿ' ಎನ್ನುತ್ತಾರೆ. ಜಿಮ್ನಿಯದು ಐದು ಬೋಲ್ಟು, 139.7 ಮಿ.ಮೀ. ಇದೆಂಥ ವಿಚಿತ್ರ ಅಳತೆ? ಐದೂವರೆ ಇಂಚನ್ನು 25.4ರಿಂದ ಗುಣಿಸಿ ನೋಡಿ. ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲೂ ಇದೇ ಐದು ಬೋಲ್ಟು, ಇದೇ ಐದೂವರೆ ಇಂಚು.

ಐದು ಬೋಲ್ಟಿನ ಚಕ್ರದಲ್ಲಿ ಒಂದರ ನೇರ ಎದುರಿಗೆ ಇನ್ನೊಂದು ಇರುವುದಿಲ್ಲ. ಹಾಗಾದರೆ ವ್ಯಾಸ ಅಳೆಯುವುದು ಹೇಗೆ? ಪಕ್ಕಪಕ್ಕದ ಎರಡು ಬೋಲ್ಟುಗಳ ಕೇಂದ್ರಗಳ ನಡುವಿನ ದೂರ ಅಳೆಯಿರಿ. ಅದು ವ್ಯಾಸ × ಸೈನ್ 36°ಗೆ ಸಮ. 82.1 ಮಿ.ಮೀ. ಬಂದರೆ ಅದನ್ನು 0.5878ರಿಂದ ಭಾಗಿಸಿ, 139.7 ಸಿಗುತ್ತದೆ. "ತ್ರಿಕೋನಮಿತಿ ಯಾಕ್ ಸರ್?" ಎನ್ನುವವರಿಗೆ ಇದು ಉತ್ತರ.

ಪಿಸಿಡಿ ಹೊಂದಿದ ಮಾತ್ರಕ್ಕೆ ಚಕ್ರ ಹೊಂದಿತು ಎಂದಲ್ಲ. ನಡುವಿನ ರಂಧ್ರ ಹಬ್ಬಿಗೆ ಸರಿಯಾಗಿ ಕೂರಬೇಕು. ನಟ್ಟಿನ ಬುಡದ ಆಕಾರಕ್ಕೂ ಅದು ಕೂರುವ ಕುಳಿಗೂ ತಾಳೆಯಾಗಬೇಕು. ಶಂಕುವಿನಾಕಾರದ ನಟ್ಟನ್ನು ಗೋಲಾಕಾರದ ಕುಳಿಯಲ್ಲಿ ಬಿಗಿದರೆ ಅದು ಹಿಡಿದುಕೊಂಡಂತೆ ಕಾಣುತ್ತದೆ, ಹಿಡಿದಿರುವುದಿಲ್ಲ. ಚಕ್ರ ಬದಲಿಸಿದ ಮೇಲೆ ನೂರು ಕಿ.ಮೀ. ಓಡುವುದರೊಳಗೆ ನಟ್ಟುಗಳನ್ನು ಮತ್ತೊಮ್ಮೆ, ವಾಹನದ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ ಮಾಡಿಸಬೇಕು.

ಮೂರು ಅಂಚೆ ಕಾರ್ಡಿನಷ್ಟು ನೆಲ

ಜಿಮ್ನಿಯ ಮೂಲ ಟೈರು 195/80 ಆರ್ 15. ಅಂದರೆ ಅಗಲ 195 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 80, ಎಂದರೆ 156 ಮಿ.ಮೀ. ರಿಮ್ಮು 15 ಇಂಚು. ಕೂಡಿದರೆ ಚಕ್ರದ ಪೂರ್ತಿ ವ್ಯಾಸ 693 ಮಿ.ಮೀ. ಇದೇ ವ್ಯಾಸವನ್ನು ಉಳಿಸಿಕೊಂಡು 18 ಇಂಚಿನ ರಿಮ್ಮು ಹಾಕಿದರೆ ಟೈರಿನ ಗೋಡೆಗೆ ಉಳಿಯುವುದು ಸುಮಾರು 118 ಮಿ.ಮೀ. ಮಾತ್ರ.

ಆ ಗೋಡೆ ಏಕೆ ಬೇಕು? ತುಂಬಿದ ಜೀಪಿನ ಒಂದು ಚಕ್ರದ ಮೇಲೆ 380 ಕಿಲೋ ಭಾರವಿದೆ ಎನ್ನಿ. ಟೈರಿನಲ್ಲಿ 30 ಪೌಂಡು ಗಾಳಿ, ಅಂದರೆ ಪ್ರತಿ ಚದರ ಸೆಂ.ಮೀ.ಗೆ ಸುಮಾರು 2.1 ಕಿಲೋ. ಭಾಗಿಸಿದರೆ ನೆಲಕ್ಕೆ ತಾಗುವ ಜಾಗ ಸುಮಾರು 180 ಚದರ ಸೆಂ.ಮೀ. ಒಂದೂವರೆ ಅಂಚೆ ಕಾರ್ಡಿನಷ್ಟು. ಕೆಸರಿನಲ್ಲೋ ಮರಳಿನಲ್ಲೋ ಗಾಳಿಯನ್ನು ಅರ್ಧಕ್ಕೆ ಇಳಿಸಿದರೆ ಅದು ಹೆಚ್ಚುಕಡಿಮೆ ಮೂರು ಕಾರ್ಡಾಗುತ್ತದೆ, ಜೀಪು ಹೂತುಕೊಳ್ಳುವುದು ತಪ್ಪುತ್ತದೆ. ಆದರೆ ಟೈರು ಹೀಗೆ ಬಾಗಿ ಹರಡಬೇಕಾದರೆ ಗೋಡೆ ಎತ್ತರವಾಗಿರಬೇಕು. ಗಿಡ್ಡ ಗೋಡೆಯ ಟೈರು ಕಲ್ಲಿಗೆ ಬಡಿದರೆ ಪೆಟ್ಟು ನೇರ ರಿಮ್ಮಿಗೆ. ಆದ್ದರಿಂದ ಕಾಡುದಾರಿಗೆ ದೊಡ್ಡ ರಿಮ್ಮಲ್ಲ, ಬ್ರೇಕಿಗೆ ತಾಗದಷ್ಟು ಚಿಕ್ಕ ರಿಮ್ಮೇ ಮೇಲು. (ಟಾರು ರಸ್ತೆಗೆ ಬಂದ ಮೇಲೆ ವೇಗ ಹೆಚ್ಚಿಸುವ ಮೊದಲು ಗಾಳಿ ಮತ್ತೆ ತುಂಬಿಸಲೇಬೇಕು.)

ಟೈರನ್ನೇ ದೊಡ್ಡದು ಮಾಡಿದರೆ? 235/75 ಆರ್ 15 ಹಾಕಿದರೆ ವ್ಯಾಸ 733 ಮಿ.ಮೀ. ದಾಟುತ್ತದೆ, ಸುಮಾರು ಶೇ. 6ರಷ್ಟು ಹೆಚ್ಚು. ಆಗ ಮೀಟರು ತೋರಿಸುವುದಕ್ಕಿಂತ ವೇಗವೂ ಅಷ್ಟೇ ಹೆಚ್ಚಾಗುತ್ತದೆ. ಮೊದಲು ನಿಜವಾದ 60 ಕಿ.ಮೀ.ಗೆ ಮುಳ್ಳು ಎಲ್ಲಿ ನಿಲ್ಲುತ್ತಿತ್ತೋ ಅಲ್ಲೇ ನಿಂತಿರುವಾಗ ಈಗ ಸುಮಾರು 63.5 ಕಿ.ಮೀ. ಓಡುತ್ತಿರುತ್ತೀರಿ. ತ್ರಿಜ್ಯ ಹೆಚ್ಚಾದ್ದರಿಂದ ಅದೇ ಎಂಜಿನ್ನು, ಅದೇ ಬ್ರೇಕು ನೆಲದ ಮೇಲೆ ಹಾಕುವ ಬಲ ಶೇ. 5.5ರಷ್ಟು ಕಡಿಮೆ. ಏರುವಾಗ ಎಳೆತ ಕಡಿಮೆ, ಇಳಿಯುವಾಗ ಹಿಡಿತ ಕಡಿಮೆ.

ಉಕ್ಕೋ, ಅಲಾಯೋ?

ಎರಡಕ್ಕೂ ಗುಣವಿದೆ. ಅಲಾಯ್ ಹಗುರವಾದರೆ ಲಾಭವಿದೆ. ರಿಮ್ಮಿನ ಅಂಚಿನಲ್ಲಿರುವ ಒಂದು ಕಿಲೋ ತೂಕ ಮುಂದಕ್ಕೂ ಸಾಗಬೇಕು, ಸುತ್ತಲೂ ಬೇಕು. ವೇಗ ಏರಿಸುವಾಗ ಅದು ಸುಮಾರು ಎರಡು ಕಿಲೋದಂತೆ ವರ್ತಿಸುತ್ತದೆ. ಆದರೆ ಎಲ್ಲ ಅಲಾಯ್ ಚಕ್ರಗಳೂ ಹಗುರವಲ್ಲ. ಅಂಗಡಿಯಲ್ಲೇ ತೂಗಿ ನೋಡಿ. ಉಕ್ಕು ಬಲವಾದ ಪೆಟ್ಟಿಗೆ ಬಾಗುತ್ತದೆ, ಸಣ್ಣ ತಗ್ಗನ್ನು ಬಡಿದು ಸರಿಪಡಿಸಬಹುದು. ಎರಕದ ಅಲಾಯ್ ಬಿರಿಯುತ್ತದೆ. ಬಿರಿದ ಚಕ್ರಕ್ಕೆ ವೆಲ್ಡಿಂಗ್ ಹಾಕಿಸಿ ಮಕ್ಕಳನ್ನು ಕೂರಿಸಿಕೊಂಡು ಹೋಗಬೇಡಿ.

ಯಾವುದಾದರೂ ಸರಿ, ಭಾರದ ಮಿತಿ ನೋಡಿ. ಒಂದು ಅಚ್ಚಿನ ಮೇಲೆ ಬೀಳಬಹುದಾದ ಗರಿಷ್ಠ ಭಾರದ ಅರ್ಧಕ್ಕಿಂತ ಚಕ್ರದ ಮಿತಿ ಕಡಿಮೆ ಇರಬಾರದು. ಐಎಸ್‌ಐ ಗುರುತು ಅಥವಾ ಜಪಾನಿನ ಅಲಾಯ್ ಚಕ್ರಗಳ 'ಜೆಡಬ್ಲ್ಯುಎಲ್' ಗುರುತಿದೆಯೇ ಹುಡುಕಿ. ಕೊಳ್ಳುವುದಾದರೆ ಐದು ಕೊಳ್ಳಿ. ಅಳತೆ ಬೇರೆಯಾದ ಸ್ಟೆಪ್ನಿ ಕಾಡಿನ ನಡುವೆ ಕೈಕೊಡುತ್ತದೆ.

ಪೋಷಕರಿಗೆ ಇನ್ನೊಂದು ಮಾತು. ನೋಂದಣಿಯಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಆಧಾರದಲ್ಲಿ ಹೇಳಿದೆ. ತಯಾರಕರು ಒಪ್ಪಿದ ಅಳತೆಯೊಳಗೆ ಇರುವುದು ಕ್ಷೇಮ. ಸಂಶಯವಿದ್ದರೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮೆಯವರಿಗೂ ತಿಳಿಸಿ.

ಆ ಸಂಜೆ ನಾನು ಬೇಕು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಒಂದು ಹಾಳೆಯಲ್ಲಿ ಆರು ಸಾಲು ಬರೆದುಕೊಟ್ಟೆ: ಪಿಸಿಡಿ, ನಡುರಂಧ್ರ, ಆಫ್‌ಸೆಟ್, ಪೂರ್ತಿ ವ್ಯಾಸ, ತೂಕ, ಭಾರದ ಮಿತಿ. "ಮೊದಲು ನಿಮ್ಮ ಚಕ್ರದ್ದು ತುಂಬು, ಆಮೇಲೆ ಕೊಳ್ಳಬೇಕು ಅನ್ನಿಸಿದ್ದರದ್ದು" ಎಂದೆ.

ವಾರ ಕಳೆದು ಇಬ್ಬರೂ ಮತ್ತೆ ಬಂದರು. ಹಾಳೆಯಲ್ಲಿ ನಾಲ್ಕು ಚಕ್ರಗಳ ಅಂಕಿಗಳಿದ್ದವು. ಮೂರನ್ನು ಹುಡುಗ ತಾನೇ ಹೊಡೆದು ಹಾಕಿದ್ದ. ಮೊದಲು ಹೊಡೆದದ್ದು ಆ ಹದಿನೆಂಟು ಇಂಚಿನ ಕಪ್ಪು ಚಕ್ರವನ್ನು. ಉಳಿದದ್ದು ಹದಿನೈದು ಇಂಚಿನ ಸಾದಾ ಚಕ್ರ, ಮೂಲ ಚಕ್ರಕ್ಕಿಂತ ತುಸು ಹಗುರ, ಆಫ್‌ಸೆಟ್ ಅಷ್ಟೇ.

ನಾನು ಅಪ್ಪನ ಮುಖ ನೋಡಿದೆ. ಬೆಲೆ ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ಏರಿಸಿ, ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಮಗನನ್ನು ಕೇಳಿದರು: "ಇದು ಎಷ್ಟು ಭಾರ ಹೊರುತ್ತೋ?"