ಸೇತುವೆ ಒಂದೇ ರಾತ್ರಿಯಲ್ಲಿ ಕುಸಿಯುವುದಿಲ್ಲ

2024ರ ಆಗಸ್ಟ್ 7ರಂದು ನಡುರಾತ್ರಿ ಸುಮಾರು ಒಂದು ಗಂಟೆಗೆ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಕುಸಿದು ಬಿತ್ತು. ಅದರ ಮೇಲಿದ್ದ ಲಾರಿಯೊಂದು ನದಿಗೆ ಉರುಳಿತು. ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಬದುಕಿಸಿದರು. ಹಗಲು ಹೊತ್ತಿನಲ್ಲಾಗಿದ್ದರೆ ಎಷ್ಟು ಜೀವ ಹೋಗುತ್ತಿತ್ತೋ! ಆ ಸೇತುವೆಗೆ ಆಗಿದ್ದ ವಯಸ್ಸು ಸುಮಾರು ನಲವತ್ತು ವರ್ಷ ಮಾತ್ರ.

ರಾಗಿಗುಡ್ಡದವರಿರಲಿ, ಭದ್ರಾವತಿಯವರಿರಲಿ, ಕರಾವಳಿಯವರಿರಲಿ, ನಾವೆಲ್ಲರೂ ಹೊಳೆ ದಾಟಿ ಓಡಾಡುವವರೇ. ಕಲ್ಲಿನ ಹಳೆಯ ಸೇತುವೆಗಳು ನಿಂತಿರುವಾಗ ಕಾಂಕ್ರೀಟಿನವು ಏಕೆ ಬೀಳುತ್ತವೆ ಎಂದು ಅನೇಕರು ಕೇಳುತ್ತಾರೆ. ಮುಖ್ಯ ಕಾರಣಗಳನ್ನು ಇಲ್ಲಿ ನೋಡೋಣ.

ಮೊದಲನೆಯದು ತುಕ್ಕು. ಕಾಂಕ್ರೀಟ್ ಭಾರವನ್ನು ತಡೆಯುತ್ತದೆ, ಎಳೆತವನ್ನು ತಡೆಯುವುದು ಅದರೊಳಗಿನ ಕಬ್ಬಿಣದ ಸರಳು. ಉಪ್ಪುಗಾಳಿ, ಉಪ್ಪುನೀರು ಸಣ್ಣ ಬಿರುಕುಗಳಿಂದ ಒಳಗಿಳಿದರೆ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದಾಗ ಸುತ್ತಲಿನ ಕಾಂಕ್ರೀಟನ್ನು ಒಡೆಯುತ್ತದೆ.

ಎರಡನೆಯದು ಬುಡದ ಸವೆತ. ನೆರೆಯ ನೀರು ಕಂಬದ ಸುತ್ತ ಸುಳಿದು ಮಣ್ಣನ್ನು ಕೊರೆಯುತ್ತದೆ. ಹತ್ತಿರದಲ್ಲೇ ಮರಳು ತೆಗೆದರೆ ನದಿಯ ತಳ ಇನ್ನೂ ಇಳಿಯುತ್ತದೆ. 2018ರ ಜೂನ್ 25ರಂದು ಫಲ್ಗುಣಿ ನದಿಯ ಮೂಲರಪಟ್ಣ ಸೇತುವೆ ಕುಸಿದಾಗ ಊರಿನವರು ದೂರಿದ್ದು ಅಕ್ರಮ ಮರಳುಗಾರಿಕೆಯನ್ನೇ.

ಮೂರನೆಯದು ಲೆಕ್ಕದ ತಪ್ಪು ಮತ್ತು ಹೆಚ್ಚಿದ ಭಾರ. ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ 2007ರ ಆಗಸ್ಟ್ 1ರಂದು ಹೆದ್ದಾರಿ ಸೇತುವೆಯೊಂದು ಕುಸಿದು 13 ಮಂದಿ ಸತ್ತರು. ತೊಲೆಗಳನ್ನು ಜೋಡಿಸುವ ಉಕ್ಕಿನ ತಗಡುಗಳು ಇರಬೇಕಾದುದಕ್ಕಿಂತ ಅರ್ಧ ತೆಳುವಾಗಿದ್ದವೆಂದು ತನಿಖೆ ತಿಳಿಸಿತು. ಆ ತಪ್ಪು ನಲವತ್ತು ವರ್ಷ ಅಡಗಿತ್ತು. ನಡುವೆ ರಸ್ತೆಯ ಭಾರ ಹೆಚ್ಚಿತು, ದುರಸ್ತಿಗಾಗಿ ಮೇಲೆ ರಾಶಿ ಹಾಕಿದ್ದ ಸಾಮಗ್ರಿಯೂ ಅಂದು ಸೇರಿಕೊಂಡಿತು.

ನಾಲ್ಕನೆಯದು ಕಂಬದ ತಲೆಯ ಮೇಲೆ ತೊಲೆ ಕೂರುವ ಜಾಗ ಹಾಗೂ ಕೂಡುಗಳು. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವ ಸೇತುವೆಗೆ ಅಲ್ಲಿ ಅಲುಗಾಡಲು ಅವಕಾಶವಿರಬೇಕು. ಕಸ, ನೀರು ತುಂಬಿ ಅದು ಸಿಕ್ಕಿಕೊಂಡರೆ ಒತ್ತಡ ಬೇರೆಡೆಗೆ ಸರಿಯುತ್ತದೆ. 2025ರ ಜುಲೈ 9ರಂದು ಗುಜರಾತಿನ ಗಂಭೀರಾ ಸೇತುವೆ ಕುಸಿದಾಗ, ಇಂಥ ಭಾಗಗಳೇ ಜಜ್ಜಿಹೋಗಿದ್ದವೆಂದು ಪ್ರಾಥಮಿಕ ತನಿಖೆ ಹೇಳಿತು. 1985ರಲ್ಲಿ ಕಟ್ಟಿದ ಆ ಸೇತುವೆಗೂ ನಲವತ್ತೇ ವರ್ಷ.

ಅದಾದ ಐದೇ ದಿನಕ್ಕೆ, ಜುಲೈ 14ರಂದು, ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಶರಾವತಿ ಹಿನ್ನೀರಿನ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ದಶಕಗಳ ಕಾಲ ಲಾಂಚಿಗೆ ಕಾದ ಜನರಿಗೆ ಅದು ದೊಡ್ಡ ನೆಮ್ಮದಿ. ಆದರೆ ಉದ್ಘಾಟನೆಗೆ ಸೇರುವ ಜನ ತಪಾಸಣೆಗೆ ಸೇರುವುದಿಲ್ಲ. ಸೇತುವೆಯ ಆಯುಸ್ಸು ಕಟ್ಟುವವರಷ್ಟೇ ನೋಡಿಕೊಳ್ಳುವವರ ಕೈಯಲ್ಲೂ ಇದೆ.

ಪ್ರಿಯ ಓದುಗರೇ, ನಾವು ಇಂಜಿನಿಯರುಗಳಲ್ಲ. ಆದರೂ ಕಣ್ಣಿಗೆ ಬೀಳುವ ಗುರುತುಗಳಿವೆ: ಕಂದು ಬಣ್ಣದ ತುಕ್ಕಿನ ಗೆರೆ, ಹೊರಬಂದ ಸರಳು, ಬಿರುಕಿನಲ್ಲಿ ಬೆಳೆದ ಗಿಡ, ಬಾಗಿದ ಕೈಪಿಡಿ, ಕೂಡಿನಲ್ಲಿ ಹೊಸದಾಗಿ ಕಾಣುವ ಏರುಪೇರು. ಇವು ಕಂಡರೆ ಪಂಚಾಯತಿಗೋ ಲೋಕೋಪಯೋಗಿ ಇಲಾಖೆಗೋ ಬರೆದು ತಿಳಿಸಿ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಕರೆ ಮಾಡಿ. ಭಾರದ ಮಿತಿಯ ಫಲಕವನ್ನು ಕಡೆಗಣಿಸಬೇಡಿ, ನೀರು ಉಕ್ಕಿ ಹರಿಯುವಾಗ ದಾಟಬೇಡಿ. ಕುಸಿದ ಮೇಲೆ ಬರೆಯುವ ನೂರು ಮನವಿಗಿಂತ ಮೊದಲೇ ಬರೆದ ಒಂದು ಪತ್ರ ಮೇಲು.