ಎರವಲು ಕಥೆಯ ಋಣ

ಮೂಲಕೃತಿಯಲ್ಲಿ ಇಲ್ಲದ್ದನ್ನು ಬರೆಯುವ ಹಕ್ಕು ಯಾರಿಗಿದೆ? ಮತ್ತೊಬ್ಬರ ಪಾತ್ರಗಳನ್ನು ಎರವಲು ಪಡೆದು ಕಥೆ ಹೆಣೆಯುವ ಅಭಿಮಾನಿ ಲೇಖಕರೂ ಅವರ ಓದುಗರೂ ಚರ್ಚೆಗೆ ಕುಳಿತಾಗ ಈ ಪ್ರಶ್ನೆ ಏಳದೆ ಇರದು.

ಆಂಗ್ಲ ಲೇಖಕ ಟೋಲ್ಕೀನ್ ಕಲ್ಪಿಸಿದ, ಯಕ್ಷರನ್ನು ಹೋಲುವ ಎಲ್ಫ್ ಕುಲದ ಫೆಯನೋರ್ ಮನೆತನವನ್ನೇ ನೋಡಿ. ತಂದೆ ಮತ್ತು ಏಳು ಗಂಡುಮಕ್ಕಳ ಘೋರ ಶಪಥ ಅಲ್ಲಿ ವಿವರವಾಗಿದೆ. ಆದರೆ ಮಗ ಮ್ಯಾಗ್ಲೋರ್, ತಾನೇ ದಾಳಿಯಿಟ್ಟ ನೆಲೆಯ ಅವಳಿ ಬಾಲಕರನ್ನು ಸಾಕಿದ ಪ್ರಸಂಗ ಕೆಲವೇ ಮಾತುಗಳಲ್ಲಿ ಮುಗಿಯುತ್ತದೆ.

ಟೋಲ್ಕೀನ್ 1973ರಲ್ಲಿ ನಿಧನರಾದಾಗ ‘ಸಿಲ್ಮರಿಲಿಯನ್’ ಇನ್ನೂ ಹಸ್ತಪ್ರತಿಗಳಲ್ಲಿತ್ತು. ಮಗ ಕ್ರಿಸ್ಟೊಫರ್ ಅದನ್ನು ಸಂಪಾದಿಸಿ 1977ರಲ್ಲಿ ಪ್ರಕಟಿಸಿದರು. ಮೂಲವೇ ಅಪೂರ್ಣವಾಗಿದ್ದಾಗ ಅದರ ಮೌನಕ್ಕೆ ಮಾತು ಕೊಡುವುದು ಅಪಚಾರವಲ್ಲ, ಓದಿನ ಮುಂದುವರಿಕೆ. ಆದರೆ ಎರವಲು ತಂದವರು ಋಣವನ್ನು ಒಪ್ಪಿಕೊಳ್ಳಬೇಕು. ಪ್ರಶ್ನಿಸುವ ಓದುಗನಿಗೆ ಉತ್ತರಿಸಲೂ ಬೇಕು.